ಗೌಂಡಿ ಕಾಕಾ ಕೇಳಿದ ಶಬ್ದ

ಬೇಸಿಗೆ ಬಂತೆಂದರೆ ಗೌಂಡಿ ಕಾಕಾ ಅವರ ಬಲಗೆನ್ನೆಯ ಮೇಲೆ ಎರೆಮಣ್ಣಿನ ಕರಿ ಪಟ್ಟೆಯೊಂದು ಇದ್ದೇ ಇರುತ್ತಿತ್ತು. ಮುಖ ತೊಳೆದರೂ ಕಿವಿಯ ಹತ್ತಿರ, ಬಿಳಿ ಗಡ್ಡದ ಬುಡದಲ್ಲಿ ಅದರ ಪುಡಿ ಉಳಿಯುತ್ತಿತ್ತು. ನೆಲದ ಬಿರುಕಿನೊಳಗೆ ಇಣುಕಲು ಅವರು ಹೊಲದಲ್ಲಿ ಬೋರಲು ಮಲಗಿ ಕೆನ್ನೆಯನ್ನು ಮಣ್ಣಿಗೆ ಹಚ್ಚುತ್ತಿದ್ದರು. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವ ತೂಕದ ಗುಂಡನ್ನು ದಾರ ಕಟ್ಟಿ ಒಳಗೆ ಇಳಿಬಿಡುವುದು, ತಳ ಮುಟ್ಟಿದಲ್ಲಿ ದಾರಕ್ಕೆ ಗಂಟು ಹಾಕುವುದು, ಮೇಲೆಳೆದು ಮೊಳ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಗೋಡೆ ಕಟ್ಟುವ ಗೌಂಡಿ ಕೆಲಸ ಮುಗಿಸಿದ ಮೇಲೆ ದಿನಾ ಸಂಜೆ, ಯುಗಾದಿಯಿಂದ ಮೊದಲ ಮಳೆಯವರೆಗೆ ಅವರದು ಇದೇ.

ನಾನು ಅಳ್ನಾವರದ ಕಡೆಯವಳು. ಮೊರಬದ ಶಾಲೆಗೆ ಮಾಸ್ತರಿಣಿಯಾಗಿ ಬಂದು ಅವರ ಬಾಜೂ ಮನೆಯಲ್ಲಿ ಬಾಡಿಗೆಗಿದ್ದೆ. ನಮ್ಮ ಕಡೆಯ ಮಣ್ಣು ಹೀಗೆ ಬಾಯಿ ಬಿಡುವುದಿಲ್ಲ. ಮೊದಲ ಬೇಸಿಗೆಯಲ್ಲೇ ಹೊಲದ ಹಾದಿಯಲ್ಲಿ ನನ್ನ ಒಂದು ಚಪ್ಪಲಿ ಬಿರುಕಿಗೆ ಬಿತ್ತು. ಕಾಕಾ ತಂತಿ ಬಗ್ಗಿಸಿ ಅದನ್ನು ಎತ್ತಿಕೊಟ್ಟು, “ಒಂದು ಮೊಳಾ ನಾಕ ಬೆರಳ ಇಳದಿತ್ತ್ರಿ ಅಕ್ಕಾರ” ಎಂದು ಅದನ್ನೂ ಬರೆದುಕೊಂಡರು.

ಅವರಿಗೆ ಸ್ವಂತ ಹೊಲವಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು, ಜಂಪರ್ ಹೊಲಿಯುವ ಮಗಳೊಬ್ಬಳೇ ಮನೆಯಲ್ಲಿ. ಇನ್ನೊಬ್ಬರ ಹೊಲದಲ್ಲಿ ಬೋರಲು ಬಿದ್ದು ದಾರ ಇಳಿಬಿಡುವ ಮನುಷ್ಯನನ್ನು ಊರು ಸುಮ್ಮನೆ ಬಿಡುತ್ತದೆಯೇ? ಕೆಲವರು ನಿಧಿ ಹುಡುಕುತ್ತಾನೆ ಎಂದರು, ಕೆಲವರು ಏನೋ ಹುಗಿಯುತ್ತಾನೆ ಎಂದರು. ಒಂದು ಸಂಜೆ ಕಾಕಾ ನಮ್ಮ ಕಟ್ಟೆಗೆ ಬಂದು ಕುಳಿತರು.

“ಮಂದಿ ಕೇಳತಾರ್ರಿ, ಏನ್ ಮಾಡ್ತಿ ಅಂತ. ಹೇಳಾಕ ನನ್ನ ಕಡೆ ಶಬ್ದ ಇಲ್ಲ. ಅದಕ್ಕ ಅವರು ತಮಗ ತಿಳದಂಗ ಅಂತಾರ. ನೀವು ಕನ್ನಡ ಕಲಸವರು, ಒಂದು ಹುಡುಕಿ ಕೊಡ್ರಿ.”

ಹವ್ಯಾಸ ಅನ್ನಿ ಎಂದೆ. “ಅದು ಸಾಲಿ ಹುಡುಗೂರು ಸ್ಟ್ಯಾಂಪ್ ಕೂಡಸತಾರಲ್ಲ, ಅದಕ್ಕ ಆತು. ನಾ ಏನೂ ಕೂಡಸಂಗಿಲ್ಲ” ಎಂದರು. ಸಂಶೋಧನೆ? “ಅದು ದೊಡ್ಡವರದ್ರಿ. ಅವರಿಗೆ ಕಡೀಕ ಏನರ ಸಿಗತೈತಿ.” ಹಾಗಾದರೆ ಚಟ ಅನ್ನಿ ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. “ಚಟಾ ಅಂದ್ರ ಬಿಡಬೇಕು ಅನಸೂವಂಥಾದ್ದು. ನನಗ ಬಿಡೂ ಮನಸಿಲ್ಲ.”

ಹುಡುಕುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ ನಳದ ಹತ್ತಿರ ಸಿಕ್ಕಾಗಲೆಲ್ಲ ಅವರು “ಸಿಕ್ತೇನ್ರಿ?” ಎನ್ನುವುದು, ನಾನು “ಹುಡುಕಾಕತ್ತೀನ್ರಿ ಕಾಕಾ” ಎನ್ನುವುದು ರೂಢಿಯಾಯಿತು. ನಿಜ ಹೇಳಬೇಕೆಂದರೆ, ಶಾಲೆಯ ಕಪಾಟಿನ ನಿಘಂಟನ್ನು ನಾನು ಒಮ್ಮೆಯೂ ಕೆಳಗಿಳಿಸಿರಲಿಲ್ಲ.

ಮೂರು ವರ್ಷಗಳ ನಂತರ ಮಗಳಿಗೆ ಅಣ್ಣಿಗೇರಿ ಕಡೆಯ ಸಂಬಂಧ ಬಂತು. ಹುಡುಗ ಒಪ್ಪಿದ. ಇಲ್ಲಿ ಒಂದು ವಾಡಿಕೆಯಿದೆ: ಮಾತುಕತೆಗೆ ಮೊದಲು ಗಂಡಿನ ಕಡೆಯ ಇಬ್ಬರು ಹಿರಿಯರು ಹೇಳದೆ ಕೇಳದೆ ಬಂದು ಕನ್ಯೆಯ ಬಾಜೂ ಮನೆಯಲ್ಲಿ ವಿಚಾರಿಸುತ್ತಾರೆ. ಬಾಜೂ ಮನೆಯವರು ತಡವರಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಇದು ನನಗೂ ಗೊತ್ತಿತ್ತು.

ಹಾಗೆ ನನ್ನಲ್ಲಿಗೆ ಬಂದ ಇಬ್ಬರಿಗೂ ಚಹಾ ಕೊಟ್ಟೆ. ಹುಡುಗಿಯ ಬಗ್ಗೆ ಕೇಳಿದರು, ಬಂಗಾರದಂಥವಳು ಎಂದೆ. ತಂದೆ ಕುಡಿಯುತ್ತಾರೆಯೇ ಎಂದರು, ಇಲ್ಲ ಎಂದೆ. ಆಮೇಲೆ ಹಿರಿಯವರು ದನಿ ತಗ್ಗಿಸಿದರು. “ಹೊಲದಾಗ ಬೋರಲ ಬಿದ್ದು ಅದೇನೋ ಮಾಡ್ತಾರಂತಲ್ರಿ. ಏನದು?”

“ಹಂಗೇನಿಲ್ರಿ... ಅದು ಅವರದೊಂದು... ಹೆಂಗ ಹೇಳಬೇಕು...”

ಬಿರುಕಿನ ಆಳ ನೋಡುತ್ತಾರೆ ಎಂದು ಕೊನೆಗೆ ಹೇಳಿದೆ. ಯಾಕೆ ಎಂದರು. ಸುಮ್ಮನೆ ಎಂದೆ. ಅಷ್ಟರಲ್ಲಿ ಅವರು ಒಬ್ಬರ ಮುಖ ಒಬ್ಬರು ನೋಡಿ ಆಗಿತ್ತು. ಅರ್ಧ ಚಹಾ ಬಿಟ್ಟು ಎದ್ದು ಹೋದರು.

ಸಂಬಂಧ ಮುರಿಯಿತು. ಆ ಮನೆಯಲ್ಲಿ ಮಾಟ ಇದೆಯಂತೆ ಎಂಬ ಮಾತು ಹಬ್ಬಿ, ಮುಂದೆ ಬಂದ ಎರಡು ಸಂಬಂಧಗಳೂ ಬಾಗಿಲಿಗೆ ಬಂದು ಹೋದವು. ಕಾಕಾ ನನ್ನ ಮೇಲೆ ಹರಿಹಾಯ್ದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಕಟ್ಟೆಯ ಕೆಳಗೇ ನಿಂತು, “ಶಬ್ದ ಸಿಗಲಿಲ್ಲ, ನೀವರ ಏನ್ ಮಾಡ್ತೀರಿ ಅಕ್ಕಾರ” ಎಂದು ಹೋದರು. ಮರುವರ್ಷದ ಬೇಸಿಗೆಯಲ್ಲಿ ಅವರ ಕೆನ್ನೆ ಸ್ವಚ್ಛವಾಗಿತ್ತು. ಅದನ್ನು ನೋಡಲಾರದೆ ನಾನು ನಳಕ್ಕೆ ಹೋಗುವ ಹೊತ್ತನ್ನೇ ಬದಲಿಸಿಕೊಂಡೆ.

ಹೊಲಕ್ಕೆ ಹೋಗುವುದು ಬಿಟ್ಟ ಮೇಲೆ ಅವರು ಎರಡೇ ವರ್ಷ ಇದ್ದರು. ಎದೆಯಲ್ಲಿ ಸಿಮೆಂಟಿನ ಧೂಳು ತುಂಬಿದೆ ಎಂದರು ಡಾಕ್ಟರು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕುಳಿತೇ ಇರುತ್ತಿದ್ದರು. ಹಾಗೆ ಕುಳಿತಲ್ಲಿಯೇ ಹೋದರು. ಇಪ್ಪತ್ತು ಹೆಜ್ಜೆ ದೂರದ ಮನೆಗೆ ನಾನು ಹೋದದ್ದು ಎಲ್ಲ ಮುಗಿದ ಐದನೆಯ ದಿನ.

ಮಗಳು ಒಳಗಿನಿಂದ ನೋಟ್‌ಬುಕ್ ತಂದು ಬಿಚ್ಚಿ ನನ್ನ ಕೈಗಿಟ್ಟಳು. ಮೊದಲ ಹಾಳೆಗಳಿಗೆ ತಲೆಬರಹವೇ ಇರಲಿಲ್ಲ. ಆಮೇಲಿನ ಹಾಳೆಗಳ ಮೇಲೆ ದಪ್ಪ ಅಕ್ಷರದಲ್ಲಿ “ಮಾತಾಡಿಸಿ ಬಂದದ್ದು” ಎಂದಿತ್ತು. ಬೇನೆ ಬಿದ್ದವರ ಮನೆಗೆ, ಸಾವಿನ ಮನೆಗೆ ಹೋಗಿ ಬರುವುದಕ್ಕೆ ನಾವೆಲ್ಲ ಅನ್ನುವ ಮಾತು. ನಾನು ಆ ದಿನ ಅಲ್ಲಿ ಕುಳಿತದ್ದೂ ಅದಕ್ಕೇ. ಅದರ ಕೆಳಗೆ: ಬನ್ನಿಗಿಡದ ಬಾಜೂಕ, ಎರಡು ಮೊಳ ಒಂದು ಗೇಣು, ತಳದಾಗ ತಂಪು ಐತಿ.

“ನಿಮ್ಮನ್ನ ಕೇಳಿದ ಮರುವರ್ಷನ ಅಪ್ಪಗ ಈ ಶಬ್ದ ತಾನ ಸಿಕ್ಕಿತ್ರಿ” ಎಂದಳು. “ಮಂದಿಗೆ ಹೇಳಪಾ ಅಂದೆ. ಅದಕ್ಕ ಅಂವ, ಅಕ್ಕಾರು ನನ್ನ ಸಲುವಾಗಿ ಹುಡುಕಾಕತ್ತಾರ, ನಾ ಮೊದಲ ಹೇಳಿದ್ರ ಅವರಿಗೆ ಹೆಂಗ ಅನಸತೈತಿ, ಅವರು ಹೇಳಲಿ, ಆಮ್ಯಾಲ ನೋಡೂಣು ಅಂದ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು: “ನಿಮಗ ಯಾವ ಶಬ್ದ ಸಿಕ್ಕಿತ್ರಿ ಅಕ್ಕಾರ?”

“ನಾ ಹುಡುಕೇ ಇಲ್ಲವ್ವಾ” ಎಂದೆ.

ಅವಳು ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ನಾನು ಬಹಳ ಹೊತ್ತು ಕುಳಿತಿದ್ದೆ. ಅವಳು ಮತ್ತೆ ಹೊರಗೆ ಬರಲಿಲ್ಲ.