ಚಾಚಾ ಮಾಡಿದ ಗೇಟು

ಚಾಚಾನ ಎರಡೂ ಮುಂಗೈಗಳ ತುಂಬ ಸಣ್ಣ ಸಣ್ಣ ಕಂದು ಕಲೆಗಳಿದ್ದವು. ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿಯಲ್ಲಿ ಏಳುತ್ತವಲ್ಲ, ಥೇಟ್ ಅಂಥವು. ಸೊಲ್ಲಾಪುರ ರಸ್ತೆಯ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ಜೀವಮಾನವಿಡೀ ಕಿಡಿಗಳ ನಡುವೆ ಕೂತ ಮನುಷ್ಯ. ತುಂಬುತೋಳಿನ ಅಂಗಿ ತೊಡು ಎಂದರೆ, “ಸೆಕಿ ಆಗ್ತೈತ್ರಿ” ಎಂದು ನಕ್ಕುಬಿಡುತ್ತಿದ್ದ.

ಜೋರಾಪುರ ಪೇಟೆಯಲ್ಲಿ ಅವನ ಮನೆ ನಮ್ಮ ಮನೆಯ ಎದುರಿಗೇ. ನಸುಕಿನ ನಮಾಜು ಮುಗಿಸಿ ಬಂದು ನಮ್ಮ ಕದ ಬಡಿಯುತ್ತಿದ್ದ: “ಏಳ್ರಿ ಮಾಸ್ತರ! ಸೂರ್ಯಾ ಏನು ನಿಮ್ಮ ಸಾಲಿ ಹುಡುಗ ಅಲ್ಲ, ನೀವು ಬರೂತನಾ ಕಾಯಾಕ!” ಸಕ್ಕರೆ ಕಾಯಿಲೆಯ ನನ್ನನ್ನು ನಡಿಗೆಗೆ ಎಳೆದವನೇ ಅವನು. ಬೈದುಕೊಂಡೇ ಹೊರಡುತ್ತಿದ್ದೆ.

ನಾವು ನಡೆಯುತ್ತಿದ್ದದ್ದು ಊರಾಚೆ ಕೆರೆಯ ಹಿಂದಿನ ಮಡ್ಡಿಯ ಮೇಲೆ, ಆ ಕಲ್ಲುಗಡ್ಡೆಯ ದಿಬ್ಬದ ಕಾಲುದಾರಿಯಲ್ಲಿ. ಮಳೆ ಬಂದರೆ ದಾರಿ ಕೊಚ್ಚಿಹೋಗುತ್ತಿತ್ತು. ಚಾಚಾ ಪಾಲಿಕೆಗೆ ಅಲೆದೂ ಅಲೆದೂ ಇಂಜಿನಿಯರರನ್ನು ಒಪ್ಪಿಸಿದ. “ಸಾಹೇಬ್ರ, ಗರಸು ನಿಮ್ದು, ರಟ್ಟಿ ನಮ್ದು” ಎಂಬುದೇ ಅವನ ಕರಾರು. ಪಾಲಿಕೆಯ ಟ್ರ್ಯಾಕ್ಟರು ಗರಸುಮಣ್ಣು ಸುರಿದುಹೋಗುತ್ತಿತ್ತು. ರವಿವಾರ ಓಣಿಯ ಮಂದಿಯೆಲ್ಲ ಸಲಿಕೆ ಬುಟ್ಟಿ ಹಿಡಿದು ಹರವುತ್ತಿದ್ದೆವು. ಕೆಲಸ ಮುಗಿದ ಮೇಲೆ ಚಾಚಿ ಕಳಿಸಿದ ಚುರುಮುರಿ ಸೂಸಲಾ, ಚಹಾ.

ಅಷ್ಟರಲ್ಲಿ ಬೈಕಿನ ಹುಡುಗರು ದಾರಿಯನ್ನು ಉತ್ತುಹಾಕತೊಡಗಿದರು. ಚಾಚಾಗೆ ಸಿಟ್ಟು ನೆತ್ತಿಗೇರಿತು. ವೆಲ್ಡರನಿಗೆ ಯಾವ ತೊಂದರೆಗೂ ಕಬ್ಬಿಣವೇ ಮದ್ದು ನೋಡಿ! ಭರ್ಜರಿ ಗೇಟು ಮಾಡಿ ತಂದು ಬಂಡೆಗಳ ನಡುವಿನ ದಾರಿಯ ಬಾಯಿಗೆ ನಿಲ್ಲಿಸಿ, ನಸುಕಿನಲ್ಲಿ ಬೀಗ ತೆಗೆಯುವುದು, ನಡಿಗೆ ಮುಗಿದೊಡನೆ ಹಾಕುವುದು ಎಂದು ಕಾನೂನು ಮಾಡಿದ. ಕೀಲಿ ಅವನ ಕಿಸೆಯಲ್ಲಿ.

ಬೈಕುಗಳು ನಿಂತವು. ಆದರೆ ಬಿಸಿಲೇರಿದ ಮೇಲೆ ಆಡು ಹೊಡೆದುಕೊಂಡು ಬರುವ ಅಜ್ಜಿಯೊಬ್ಬಳಿದ್ದಳು. ಗೇಟು ಕಂಡು ಆಕೆ ಬೇರೆ ಕಡೆ ಹೋಗತೊಡಗಿದಳು. ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದೇ ಮಳೆಗಾಲಕ್ಕೆ ದಾರಿಯ ಎರಡೂ ಬದಿಯ ಹುಲ್ಲು, ಜಾಲಿ ಸೊಂಟದೆತ್ತರ ಬೆಳೆದು ಒಂದನ್ನೊಂದು ಮುಟ್ಟಿದವು. ಹಾವು ಕಾಣಿಸಿತು. ಹೆಂಗಸರು ಬರುವುದನ್ನೇ ಬಿಟ್ಟರು. “ನಡೆಯೋರೇ ಇಲ್ಲ ಅಂದಮೇಲೆ ಗರಸು ಯಾಕ್ರಿ?” ಎಂದರು ಇಂಜಿನಿಯರರು. ದಾರಿ ಹೋಯಿತೆಂದೇ ಅಂದುಕೊಂಡೆ.

ಚಾಚಾ ನನ್ನನ್ನು ಕರೆದುಕೊಂಡು ಅಜ್ಜಿಯ ಮನೆಗೇ ಹೋದ. ಆಕೆ ಮುಖ ತಿರುಗಿಸಿದಳು. “ಯಪ್ಪಾ, ನಮ್ಮ ಆಡಿಗೇನು ಕೀಲಿ ತಗ್ಯಾಕ ಬರ್ತೈತೇನು?”

“ನಂದ ತಪ್ಪಾತು ಬೇ,” ಎಂದ ಚಾಚಾ. “ಆ ಹುಲ್ಲು ಕಸಾ ಇಷ್ಟು ದಿನಾ ನಾವು ತಗೀತಿದ್ವಿ ಅಂತ ತಿಳಿದಿದ್ದೆ. ಖರೇ ಅಂದ್ರ ನಿನ್ನ ಆಡು ಮೇದು ತಗೀತಿದ್ದೂ. ನಾಳಿಂದ ಬಾ.”

ಮರುದಿನವೇ ಗೇಟನ್ನು ಕೊಯ್ದು, ಅಂಕುಡೊಂಕಾದ ಸಂದಿ ಮಾಡಿದ. ಮನುಷ್ಯ ಮೈ ಹೊರಳಿಸಿ ಹೋಗಬೇಕು, ಆಡು ನುಸುಳುತ್ತದೆ, ಬೈಕು ಹಾಯದು. ಆಡುಗಳು ಬಂದವು, ದಾರಿ ತೆರೆಯಿತು, ಟ್ರ್ಯಾಕ್ಟರೂ ಬಂತು. ಅವತ್ತು ಚಾಚಾನ ಮೀಸೆ ನೋಡಬೇಕಿತ್ತು!

ಆಮೇಲೆ ಅವನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲು ಹೋದವು. ಒಂದು ರವಿವಾರ ಹಟ ಹಿಡಿದ: “ಮಡ್ಡಿಗೆ ಕರಕೊಂಡು ನಡೀರಿ ಮಾಸ್ತರ. ಒಮ್ಮೆ ಕೆರಿ ನೋಡ್ತೇನಿ.” ಆಟೋದಲ್ಲಿ ಕರೆದೊಯ್ದು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿದೆವು. ಕುರ್ಚಿ ಸಂದಿಯಲ್ಲಿ ಸಿಕ್ಕಿಕೊಂಡಿತು.

ಚಾಚಾ ಮೊದಲು ನಕ್ಕ. “ನೋಡ್ರಿ, ನಾನ ಮಾಡಿದ ಗೇಟು ನನ್ನ ಒಳಗ ಬಿಡವಲ್ದು.” ನಾವು ಕುರ್ಚಿ ಸಮೇತ ಎತ್ತಲು ಹೋದರೆ ಕೈ ಅಡ್ಡ ಹಿಡಿದ. “ನನ್ನ ಎತ್ತೀರಿ. ನಾಳೆ ಇಂಥಾ ಕುರ್ಚ್ಯಾಗ ಬರಾವ್ರನ್ನ ಯಾರು ಎತ್ತತಾರ?” ನನ್ನ ಕಿಸೆಯ ಸೀಮೆಸುಣ್ಣ ಬೇಡಿ, ಕಂಬಿಯ ಮೇಲೆ ಗೆರೆ ಎಳೆದ. “ಇಲ್ಲಿಗೆ ಕೊಯ್ರಿ. ಕೊಯ್ದ ಮ್ಯಾಲೆ ನಾ ಬರ್ತೇನಿ.”

“ಬೈಕು ಹೊಕ್ರ?” ಎಂದೆ.

“ಬೈಯಾಕ ನೀವದೀರಲ್ಲ!”

ಪಾಲಿಕೆಯ ಒಪ್ಪಿಗೆ ಸಿಗುವಷ್ಟರಲ್ಲಿ ಚಾಚಾ ಹೋಗಿಬಿಟ್ಟ. ಮಣ್ಣು ಮಾಡಿದ ದಿನ ಅಜ್ಜಿಯೂ ಬಂದು ಓಣಿಯ ತುದಿಯಲ್ಲಿ ನಿಂತು ಅತ್ತಳು. ಕದ ಬಡಿಯುವವರಿಲ್ಲದ ನಸುಕು ಎಷ್ಟು ಕೆಟ್ಟದೆಂದು ನನಗೆ ಆಮೇಲೆ ತಿಳಿಯಿತು.

ಕೊಯ್ಯಲು ಹೋದಾಗ ನೋಡಿದರೆ, ಗೆರೆ ಮಳೆಗೆ ಅಳಿಸಬಾರದೆಂದು ಆ ಕಂಬಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿದ್ದಳು, ದಿನವೂ ಅಲ್ಲಿ ಆಡು ಹಾಯಿಸುವ ಅಜ್ಜಿ. ಚಾಚಾನ ಅಂಗಡಿಯ ಕೆಲಸಗಾರನೇ ಗೆರೆ ಹಿಡಿದು ಕೊಯ್ದ. ಇಂಜಿನಿಯರರೂ ನಿಂತಿದ್ದರು. ಸರಿಯಾಯಿತೋ ಇಲ್ಲವೋ ನೋಡಬೇಕಲ್ಲ, ಚಾಚಿ ಅವನ ಕುರ್ಚಿಯನ್ನೇ ಕಳಿಸಿದ್ದಳು. ನಾನು ತಳ್ಳಿದೆ. ಎಲ್ಲೂ ತಾಗದೆ ಒಳಗೆ ಹೋಯಿತು.

ಅಲ್ಲಿಗೇ ನಿಲ್ಲಿಸಲು ಮನಸ್ಸಾಗಲಿಲ್ಲ. ಖಾಲಿ ಕುರ್ಚಿಯನ್ನು ಕೆರೆ ಕಾಣುವ ತಿರುವಿನವರೆಗೂ ತಳ್ಳಿಕೊಂಡು ಹೋಗಿ, ನೀರಿನ ಕಡೆ ಮುಖ ಮಾಡಿ ನಿಲ್ಲಿಸಿದೆ.