ಮೆಟ್ಟಿಲ ಮೇಲಿನ ಬಸ್ಸು

ಚಂದ್ರಾ ಲೇಔಟ್‌ನಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗಿನ ಮನೆಯಲ್ಲಿ ನನ್ನ ಮಗನ ವಯಸ್ಸಿನದೇ ಒಬ್ಬ ಹುಡುಗಿ, ಅವಳ ಅಪ್ಪ ಅಮ್ಮ, ಅಜ್ಜಿ. ಮಕ್ಕಳಿಬ್ಬರೂ ಆಗ ಯುಕೆಜಿಯಲ್ಲಿದ್ದರು. ಸಂಜೆಯಾದರೆ ಎರಡು ಮನೆಗಳ ನಡುವಿನ ಮೆಟ್ಟಿಲೇ ಅವರ ಬಸ್ಸು.

ಆ ಬಸ್ಸಿಗೆ ಡ್ರೈವರ್ ನನ್ನ ಮಗ, ಕಂಡಕ್ಟರೂ ಅವನೇ. ಸ್ಟೀಲ್ ತಟ್ಟೆ ಸ್ಟೇರಿಂಗು. ಹುಡುಗಿ ಸದಾ ಪ್ಯಾಸೆಂಜರು. "ಆಧಾರ್ ತೋರ್ಸಿ, ಒಳಗ್ ಹೋಗಿ, ಒಳಗ್ ಹೋಗಿ" ಎಂದು ಅವನು ಕೂಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಎಷ್ಟು ಚೆನ್ನಾಗಿ ಆಡುತ್ತಾನೆ ಎಂದು ನಾನು ನಗುತ್ತಿದ್ದೆ. ಅವಳ ಧ್ವನಿ ಕೇಳುವುದೇ ಇಲ್ಲವಲ್ಲ ಎಂದು ಹೊಳೆದಿರಲಿಲ್ಲ.

ಒಂದು ಸಂಜೆ ಅಳು ಕೇಳಿ ಹೊರಗೆ ಬಂದೆ. ಹುಡುಗಿ ಎದ್ದು ಹೊರಟಿದ್ದಾಳೆ, ಇವನು ಅವಳ ಕೈ ಹಿಡಿದು ಜಗ್ಗುತ್ತಿದ್ದಾನೆ.

"ಸ್ಟಾಪ್ ಬಂದಿಲ್ಲ, ಕೂತ್ಕೋ!"

ಅವಳು ಕೈ ಕಿತ್ತುಕೊಂಡು ಮನೆಗೆ ಓಡಿದಳು. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. "ಅವಳಿಗೆ ಆಡೋಕೇ ಬರಲ್ಲ" ಎಂದು ಇವನು ಮುಖ ಊದಿಸಿಕೊಂಡ.

ಸಾರಿ ಹೇಳಿಸೋಣವೆಂದು ಮೊದಲು ನಾನೊಬ್ಬಳೇ ಕೆಳಗಿಳಿದೆ. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಬೇಡವೆಂದರು.

"ಸಾರಿ ಅಂತಾನೆ, ನಾಳೆ ಮತ್ತೆ ಅದೇ ಆಟ ಆಡ್ತಾನೆ. ನಮ್ಮದೂ ಕಮ್ಮಿಯೇನಿಲ್ಲ ಬಿಡಮ್ಮ. ಒಳಗೆ ಬಂದು ಅಳ್ತಾಳೆ, ಅವನ ಮುಂದೆ ಬಾಯೇ ಬಿಡಲ್ಲ. ಇವಳಿಗೆ ಹೇಳೋದು ಕಲಿಸ್ತೀನಿ. ನೀನು ಅವನಿಗೆ ಕೇಳಿಸ್ಕೊಳ್ಳೋದು ಕಲಿಸು."

ಹೇಗೆ ಕಲಿಸುವುದೆಂದು ನನಗೆ ಗೊತ್ತಿರಲಿಲ್ಲ. ಭಾನುವಾರ ಸುಮ್ಮನೆ ಅವನ ಬಸ್ಸು ಹತ್ತಿದೆ. ಅವನಿಗೆ ಹಿಗ್ಗೋ ಹಿಗ್ಗು.

"ಡ್ರೈವರಣ್ಣ, ವಿಜಯನಗರದಲ್ಲಿ ನಿಲ್ಸಿ" ಎಂದೆ.

"ಇದು ಅಲ್ಲಿಗೆ ಹೋಗಲ್ಲ."

"ಮತ್ತೆಲ್ಲಿಗೆ ಹೋಗುತ್ತೆ?"

"ಸುಮ್ನೆ ಕೂತ್ಕೊಳ್ಳಿ. ಕಿಟಕಿಯಿಂದ ಕೈ ತೆಗೀರಿ. ಕಾಲು ಮಡಚ್ಕೊಳ್ಳಿ."

ಕೂತೆ. ಸ್ವಲ್ಪ ಹೊತ್ತಿಗೆ ನನಗೆ ನಿಜವಾಗಿಯೂ ಸಿಟ್ಟು ಬರತೊಡಗಿತು. ಐದು ವರ್ಷದ ಮಗುವಿನ ಆಟ ಅಂತ ಗೊತ್ತಿದ್ದೂ ಬಂತು. ಆ ಹುಡುಗಿ ಇಷ್ಟು ದಿನ ಹೇಗೆ ಕೂತಿದ್ದಳೋ ಅನ್ನಿಸಿತು.

"ನಂಗೆ ಬೇಜಾರಾಯ್ತು ಕಣೋ. ಈ ಬಸ್ಸಲ್ಲಿ ನಂಗೇನೂ ಆಟವೇ ಇಲ್ಲ. ನಾನು ಇಳೀತೀನಿ."

"ಬಸ್ ನಂದು!"

"ನಿಂದೇ. ನಾನು ಹೋಗ್ತಾ ಇದೀನಿ, ಅಷ್ಟೇ."

ಬೈಯದೆ ಒಳಗೆ ಬಂದೆ. ಸ್ವಲ್ಪ ಹೊತ್ತು ಅವನು ಖಾಲಿ ಬಸ್ಸು ಓಡಿಸಿದ. ರೈಟ್ ರೈಟ್ ಅನ್ನುವ ಕೂಗು ಸಣ್ಣದಾಗುತ್ತಾ ಹೋಗಿ ನಿಂತಿತು. ತಟ್ಟೆ ಹಿಡಿದುಕೊಂಡು ಒಳಗೆ ಬಂದವನು ನನ್ನ ಪಕ್ಕ ನಿಂತ.

"ಅವಳಿಗೂ ಬೇಜಾರಾಗಿತ್ತಾ?"

"ನಂಗೇನು ಗೊತ್ತು? ಅವಳನ್ನೇ ಕೇಳ್ಬೇಕು."

"ಏನಂತ ಕೇಳ್ಲಿ?"

"ನಿಂಗೆ ಯಾವ ಆಟ ಬೇಕು ಅಂತ ಕೇಳು. ಅವಳು ಹೇಳಿ ಮುಗಿಸೋವರೆಗೂ ಮಧ್ಯ ಮಾತಾಡ್ಬೇಡ."

ಅದನ್ನೇ ಅವನು ನನ್ನ ಮೇಲೆ ಎರಡು ಮೂರು ಸಲ ಅಭ್ಯಾಸ ಮಾಡಿದ. ಸಂಜೆ ಇಬ್ಬರೂ ಕೆಳಗೆ ಹೋದೆವು. ಹುಡುಗಿ ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡಳು. ಇವನು ಕೇಳಿದ. ಅವಳು ಅಜ್ಜಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

"ನಂಗಲ್ಲ, ಅವನಿಗೆ ಹೇಳು" ಎಂದರು ಅಜ್ಜಿ.

"ನಂಗೆ ಬಸ್ ಕೆಟ್ಟೋಗ್ಬೇಕು" ಎಂದಳು ಹುಡುಗಿ. "ನಾನು ರಿಪೇರಿ ಮಾಡ್ಬೇಕು."

ಡ್ರೈವರ್ ಆಗಬೇಕು ಅನ್ನುತ್ತಾಳೆ, ಸರದಿ ಹಾಕಿಕೊಡೋಣ ಎಂದುಕೊಂಡಿದ್ದೆ ನಾನು. ಅವಳಿಗೆ ಅದು ಬೇಕಾಗಿಯೇ ಇರಲಿಲ್ಲ!

"ನನ್ ಬಸ್ ಕೆಡಲ್ಲ!" ಎಂದು ಇವನು ಕಿರುಚಿದ.

ನಾನು ಬಾಯಿ ತೆರೆದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದು ಬೇಡವೆಂದು ಕಣ್ಣಲ್ಲೇ ಹೇಳಿದರು. ಅಲ್ಲಿ ಸುಮ್ಮನೆ ನಿಲ್ಲುವುದು ನನಗೆ ಬಹಳ ಕಷ್ಟವಾಯಿತು. ಇವನು ನೆಲ ನೋಡಿದ, ತಟ್ಟೆ ತಿರುಗಿಸಿದ, ಕೊನೆಗೆ ಕೇಳಿದ:

"ಹೊಗೆ ಬರುತ್ತಾ?"

"ತುಂಬಾ ಬರುತ್ತೆ."

"ಒಂದ್ಸಲ ಮಾತ್ರ."

"ಎರಡ್ಸಲ."

"ಆಯ್ತು."

ಅಂದು ಬಸ್ಸು ಹೊರಟ ಕೂಡಲೇ ಕೆಟ್ಟಿತು. ಹುಡುಗಿ ಚಮಚ ಹಿಡಿದು ಮೆಟ್ಟಿಲ ಕೆಳಗೆ ನುಸುಳಿದಳು. ರಿಪೇರಿ ಮುಗಿಯಲೇ ಇಲ್ಲ. ತಾಳ್ಮೆಗೆಟ್ಟ ಇವನು, "ಬೇಗ ಮಾಡೇ!" ಎಂದು ಅರಚಿದ. ಅವಳು ತಲೆ ಹೊರಗೆ ಹಾಕಿ, "ಕಿರುಚಿದ್ರೆ ನಾನು ಮಾಡಲ್ಲ" ಎಂದಳು. ಧ್ವನಿ ನಡುಗುತ್ತಿತ್ತು, ಆದರೆ ಒಳಗೆ ಓಡಲಿಲ್ಲ. ಮತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಜ್ಜಿ ತಲೆ ಎತ್ತದೆಯೇ ನಕ್ಕರು.

ಇವನು ಮೆಟ್ಟಿಲ ಮೇಲೆ ಕುಕ್ಕರಿಸಿದ. ಸ್ವಲ್ಪ ಹೊತ್ತಿನ ಮೇಲೆ, "ಇನ್ನೆಷ್ಟೊತ್ತಾಗುತ್ತೆ?" ಎಂದು ಕೇಳಿದ. ಮೆಲ್ಲಗೆ ಕೇಳಿದ.

ಅವನು ಬದಲಾಗಿಬಿಟ್ಟ ಎಂದು ಹೇಳಲಾರೆ. ಜಗಳಗಳು ನಡೆಯುತ್ತಲೇ ಇದ್ದವು. ಎಷ್ಟೋ ಸಲ ನಾನೇ ನಡುವೆ ಬಾಯಿ ಹಾಕಿ ಕೆಡಿಸಿದ್ದೂ ಇದೆ. ಆದರೆ ಮಕ್ಕಳು ಜಗಳವಾಡಿದರೆ ತೀರ್ಪು ಕೊಡುವುದೇ ದೊಡ್ಡವರ ಕೆಲಸ ಅನ್ನುವ ನನ್ನ ನಂಬಿಕೆ ಆ ಸಂಜೆ ಸಡಿಲವಾಯಿತು. ಒಬ್ಬರಿಗೆ ಹೇಳುವ ಧೈರ್ಯ, ಇನ್ನೊಬ್ಬರಿಗೆ ಕಾಯುವ ತಾಳ್ಮೆ ಬರುವಷ್ಟು ಹೊತ್ತು ಪಕ್ಕದಲ್ಲಿ ನಿಂತಿದ್ದರೂ ಸಾಕಾಗುತ್ತದೆ, ಕೆಲವು ಸಲ.

ಈಗ ಇಬ್ಬರೂ ಎರಡನೇ ಕ್ಲಾಸು. ಎರಡನೇ ಮಹಡಿಗೆ ಬಂದಿರುವ ಚಿಕ್ಕ ಮಕ್ಕಳಿಗೆ ಆ ಹುಡುಗಿಯೇ ಲೀಡರ್. ಮೊನ್ನೆ ಮಗ ದುಮುಗುಡುತ್ತಾ ಬಂದ.

"ಅಮ್ಮ, ಅವಳು ಯಾರ ಮಾತೂ ಕೇಳಲ್ಲ. ಎಲ್ಲಾ ಅವಳೇ ಡಿಸೈಡ್ ಮಾಡ್ತಾಳೆ."

ನನಗೆ ನಗು ತಡೆಯುವುದು ಕಷ್ಟವಾಯಿತು. "ಅವಳಿಗೆ ಹೇಳಿದ್ಯಾ?" ಎಂದೆ.

"ಇಲ್ಲ."

 ಆಮೇಲೆ ಚಪ್ಪಲಿ ಮೆಟ್ಟಿಕೊಂಡು ತಾನೇ ಇಳಿದು ಹೋದ.