ಹತ್ತನೆಯ ಡೋಸು

ಶಿರ್ತಾಡಿಯ ಸುತ್ತಮುತ್ತ ಸರಸಳ ಕೈಯಿಂದ ಚುಚ್ಚುಮದ್ದು ಹಾಕಿಸಿಕೊಳ್ಳದ ಮಕ್ಕಳು ಕಡಿಮೆ. ಇಪ್ಪತ್ತು ವರ್ಷಗಳಿಂದ ಅವಳು ಅಲ್ಲಿ ಸರ್ಕಾರಿ ನರ್ಸು. ಗಂಡ ರುಕ್ಮಯ್ಯ ಬಿ.ಸಿ.ರೋಡಿನಿಂದ ಮೂಡುಬಿದಿರೆಯ ಮೂಲಕ ಶಿರ್ತಾಡಿಗೆ ಓಡುವ ಬಸ್ಸಿನ ಕಂಡಕ್ಟರ್. ಲಸಿಕೆ ಯಾವತ್ತು, ಎಲ್ಲಿ ಎಂಬುದನ್ನು ಟಿಕೆಟ್ ಹರಿಯುತ್ತಲೇ ಊರಿಗೆಲ್ಲ ಸಾರುತ್ತಿದ್ದ.

ಕೊರೋನಾದ ಎರಡನೆಯ ಅಲೆ ಬಂದ ಏಪ್ರಿಲಿನಲ್ಲಿ ಅವನೂ ಸರದಿಯಲ್ಲಿ ನಿಂತ. ಅವನ ಪಾಳಿ ಬಂದಾಗ ಸೀಸೆಯಲ್ಲಿದ್ದದ್ದು ಹತ್ತನೆಯ ಡೋಸು, ಅವತ್ತಿನ ಕೊನೆಯದು. ಅವನ ಹಿಂದೆ ಬೀಡಿ ಕಟ್ಟುವ ಬೀಪಾತುಮ್ಮ, ಅರುವತ್ತು ದಾಟಿದವಳು, ಏದುಸಿರು ಬಿಡುತ್ತ ನಿಂತಿದ್ದಳು. ನರ್ಸು ತನ್ನ ಗಂಡನಿಗೆ ಹಾಕಿ ಮುದುಕಿಯನ್ನು ವಾಪಸು ಕಳಿಸಿದಳು ಎಂದು ನಾಳೆ ಜನ ಆಡಿಕೊಳ್ಳಬಾರದು ಎಂದು ಸರಸಳಿಗೆ ಅನಿಸಿತು.

"ನೀವು ನಾಳೆ ಬನ್ನಿ. ಇದು ಬೀಪಾತುಮ್ಮನಿಗಿರಲಿ," ಎಂದಳು.

ಅವನು ನಕ್ಕು ಪಕ್ಕಕ್ಕೆ ಸರಿದ. ಮರುದಿನ ಲಸಿಕೆ ಬರಲಿಲ್ಲ. ಆಮೇಲೆ ಬಂದದ್ದು ಎರಡನೆಯ ಡೋಸಿನವರಿಗೇ ಸಾಲಲಿಲ್ಲ. ಇಪ್ಪತ್ತಮೂರನೆಯ ದಿನ ರುಕ್ಮಯ್ಯನಿಗೆ ಜ್ವರ ಹತ್ತಿತು. ಆಂಬುಲೆನ್ಸ್ ಹತ್ತಿ ಮಂಗಳೂರಿಗೆ ಹೋದವನ ಮುಖವನ್ನು ಅವಳು ಮತ್ತೆ ಕಂಡದ್ದು ಪ್ಲಾಸ್ಟಿಕ್ಕಿನ ಒಳಗೆ, ಅರೆಗಳಿಗೆ. ಉತ್ತರಕ್ರಿಯೆ ಮುಗಿಸಿ ಬಂದವಳು ಮತ್ತೆ ಸೂಜಿ ಹಿಡಿದಳು.

ಮರುವರ್ಷ ಸಂಶೋಧಕರ ತಂಡವೊಂದು ಊರಿಗೆ ಬಂತು. ಲಸಿಕೆ ಕೊಟ್ಟ ರಕ್ಷಣೆ ಎಷ್ಟು ಕಾಲ ನಿಲ್ಲುತ್ತದೆಂದು ತಿಳಿಯಲು ಅರುವತ್ತು ಮಂದಿಯ ರಕ್ತವನ್ನು ಆರು ತಿಂಗಳಿಗೊಮ್ಮೆ ತೆಗೆಯಬೇಕಿತ್ತು. ಆ ಕೆಲಸ ಸರಸಳ ಪಾಲಿಗೆ ಬಂತು. ಪಟ್ಟಿಯಲ್ಲಿ ಬೀಪಾತುಮ್ಮನೂ ಇದ್ದಳು.

ತಂಡದ ಡಾಕ್ಟರ್ ಮೇಘಾ ತಾಳ್ಮೆಯಿಂದ ಬಿಡಿಸಿ ಹೇಳುವ ಹುಡುಗಿ. ರಕ್ತದಲ್ಲಿರುವ ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಇಳಿದುಹೋಗುತ್ತವೆ, ಆದರೆ ವೈರಸ್ಸಿನ ಗುರುತು ಹಿಡಿದ ಜೀವಕೋಶಗಳು ಮೈಯೊಳಗೆ ಸುಮ್ಮನೆ ಕೂತಿರುತ್ತವೆ, ಅದು ಮತ್ತೆ ಬಂದಾಗ ಎದ್ದು ನಿಲ್ಲುತ್ತವೆ, ಕಾಯಿಲೆ ಬಂದರೂ ಪ್ರಾಣಕ್ಕೆ ಮುಟ್ಟದಂತೆ ತಡೆಯುವುದರಲ್ಲಿ ಅವುಗಳ ಪಾಲು ದೊಡ್ಡದು ಎಂದಳು. ಲಸಿಕೆ ಹಾಕಿಸಿ ಮೂರು ವರ್ಷ ಕಳೆದ ಮೇಲಿನ ಪರೀಕ್ಷೆಯಲ್ಲೂ ಬೀಪಾತುಮ್ಮನಲ್ಲಿ ಅವು ಗಟ್ಟಿಯಾಗಿದ್ದವು.

ಸರಸ ಬಹಳ ದಿನಗಳಿಂದ ಹೆದರಿ ಕೇಳದೆ ಉಳಿಸಿದ್ದ ಮಾತನ್ನು ಆ ವರದಿ ಬಂದ ದಿನ ಕೇಳಿದಳು.

"ಮೊದಲ ಡೋಸು ಹಾಕಿದ ಮೇಲೆ ಸ್ವಲ್ಪವಾದರೂ ರಕ್ಷಣೆ ಬರ್ಲಿಕ್ಕೆ ಎಷ್ಟು ದಿನ ಬೇಕು ಡಾಕ್ಟ್ರೇ?"

"ಎರಡು ಮೂರು ವಾರ. ಯಾಕೆ?"

ರುಕ್ಮಯ್ಯನಿಗೆ ಜ್ವರ ಹತ್ತಿದ್ದು ಮೂರು ವಾರ ದಾಟಿದ ಮೇಲೆ. ಒಂದು ತಿಂಗಳಾದರೂ ಬೇಕು ಎಂದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಸುಮ್ಮನೆ ಕೇಳಿದೆ ಎಂದು ಎದ್ದು, ಹೊರಗೆ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತಳು.

ಮುಂದಿನ ಸಲ ಬೀಪಾತುಮ್ಮನ ಮನೆಯಲ್ಲಿ ಸೂಜಿ ನರ ತಪ್ಪಿತು. ಮತ್ತೊಮ್ಮೆಯೂ ತಪ್ಪಿತು. ಬೀಪಾತುಮ್ಮ ಅವಳ ಕೈ ಹಿಡಿದು, "ಅವತ್ತು ಕಂಡಕ್ಟರಣ್ಣ ಬಿಟ್ಟುಕೊಟ್ಟದ್ದು ನನಗೆ ಗೊತ್ತುಂಟು ಸರಸಕ್ಕ. ನಾನು ಬೇಡ ಅಂತ ಹೇಳ್ಬಹುದಿತ್ತು. ನನಗೂ ಸಾವಿನ ಹೆದರಿಕೆ," ಎಂದಳು.

"ಅವರು ಬಿಟ್ಟದ್ದಲ್ಲ. ನಾನು ಬಿಡಿಸಿದ್ದು."

ಈ ಮಾತನ್ನು ಸರಸ ಯಾರ ಹತ್ತಿರವೂ ಆಡಿರಲಿಲ್ಲ. ಬೀಪಾತುಮ್ಮ ಇನ್ನೊಂದು ಕೈ ಚಾಚಿದಳು. ಮೂರನೆಯ ಸಲಕ್ಕೆ ರಕ್ತ ಬಂತು.

ಆ ಮನೆಯ ಮೆಟ್ಟಿಲು ಹತ್ತುವುದು ಅವಳಿಗೆ ಇವತ್ತಿಗೂ ಕಷ್ಟ. ಆದರೆ ಆ ಮನೆಯ ಕೆಲಸವನ್ನು ಬೇರೆ ನರ್ಸಿಗೆ ವಹಿಸಲೇ ಎಂದು ಡಾಕ್ಟರ್ ಕೇಳಿದಾಗ ಅವಳು ಒಪ್ಪಲಿಲ್ಲ.